ಅವ್ವ ಅವಳಿಗೆ ಹೇಳಿದ್ದು

ಗುಂಡ್ಲುಪೇಟೆಯ ಒಂದು ಅಡ್ಡಬೀದಿಯಲ್ಲಿ ಕ್ಲಿನಿಕ್ ಇಟ್ಟುಕೊಂಡಿರುವ ಒಬ್ಬ ಡಾಕ್ಟರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದನ್ನು ಬೇರೆ ಯಾವ ಮಾತಿನಲ್ಲಿ ಬರೆಯಲು ನೋಡಿದರೂ ಸುಳ್ಳಾಗುತ್ತದೆ. 'ಅಸಮಾಧಾನ' ಎಂದು ಬರೆದು ಹೊಡೆದುಹಾಕಿದೆ. 'ಚಿಕಿತ್ಸೆಯ ಬಗ್ಗೆ ಭಿನ್ನಾಭಿಪ್ರಾಯ' ಎಂದು ಬರೆದಾಗ ನನಗೇ ನಗು ಬಂತು. ಆಕೆ ನನಗಿಂತ ಚಿಕ್ಕವಳು. ನನ್ನಷ್ಟು ಓದಿಲ್ಲ. ಅವಳ ಕ್ಲಿನಿಕ್ಕಿನಲ್ಲಿ ಒಂದು ಮಂಚ, ಒಂದು ಇಸಿಜಿ ಮೆಷಿನ್, ಗೋಡೆಗೆ ಒರಗಿಸಿದ ಪ್ಲಾಸ್ಟಿಕ್ ಕುರ್ಚಿಗಳು, ಅಷ್ಟೇ. ಹೊಟ್ಟೆಕಿಚ್ಚು ಪಡುವಂಥದ್ದು ಅಲ್ಲಿ ಏನೂ ಇಲ್ಲ. ಆದರೆ ಅವ್ವ ತನ್ನ ಸಾವಿನ ಮಾತನ್ನು ಅವಳ ಹತ್ತಿರ ಆಡಿದಳು, ನನ್ನ ಹತ್ತಿರ ಆಡಲಿಲ್ಲ.

ನಾನೂ ಡಾಕ್ಟರೇ. ಚಾಮರಾಜನಗರದ ಆಸ್ಪತ್ರೆಯೊಂದರಲ್ಲಿ ಫಿಜಿಶಿಯನ್. ಐಸಿಯು ಬಾಗಿಲಿನ ಹೊರಗೆ ನಿಂತು ಮನೆಯವರಿಗೆ ಕೆಟ್ಟ ಸುದ್ದಿ ಹೇಳುವ ಕೆಲಸವನ್ನು ಎಲ್ಲರೂ ಒಬ್ಬರ ಮೇಲೊಬ್ಬರು ಹಾಕುತ್ತಾರೆ, ಕೊನೆಗೆ ಅದು ನನ್ನ ಬಳಿಗೇ ಬರುತ್ತದೆ. ನಾನು ಅದನ್ನು ಚೆನ್ನಾಗಿ ಮಾಡುತ್ತೇನೆಂದು ಹೆಸರಿದೆ. ಹರದನಹಳ್ಳಿಯಿಂದ ಬಂದವರು, ಕಾಡಂಚಿನ ಹಳ್ಳಿಗಳಿಂದ ಬಂದವರು ನನ್ನ ಎದುರು ಕೂತು, "ಮೇಡಮ್ಮೋರೇ, ಇನ್ನು ಮನಗ ಕರ್ಕಂಡೋಗ್ಬುಡ್ಲಾ? ನೀವೇ ಒಂದು ಮಾತು ಯೋಳ್ಬುಡಿ" ಎಂದು ಕೇಳುತ್ತಾರೆ. ಹೆತ್ತ ಮಕ್ಕಳಿಗೆ ಹೇಳದೆ ಇದ್ದದ್ದನ್ನು ನನಗೆ ಹೇಳಿದ ಮುದುಕರಿದ್ದಾರೆ. ಅದರ ಬಗ್ಗೆ ನನಗೆ ಒಳಗೊಳಗೇ ಜಂಬವೂ ಇತ್ತು.

ಅವ್ವ ಇದ್ದದ್ದು ಗುಂಡ್ಲುಪೇಟೆಯಲ್ಲಿ, ನನ್ನ ತಮ್ಮನ ಮನೆಯಲ್ಲಿ. ತಮ್ಮನದು ತರಕಾರಿ ಮಂಡಿ. ಕೇರಳಕ್ಕೆ ಲೋಡು ಕಳಿಸುತ್ತಾನೆ. ಅವ್ವನಿಗೆ ಸಕ್ಕರೆ ಕಾಯಿಲೆ ಹಳೆಯದು, ಅದು ಮೊದಲು ಕಣ್ಣಿಗೆ ಬಂತು, ಆಮೇಲೆ ಮೂತ್ರಪಿಂಡಕ್ಕೆ, ಹೃದಯಕ್ಕೂ. ನಾನು ತಿಂಗಳಿಗೊಮ್ಮೆ ಹೋಗಿ ರಕ್ತದ ರಿಪೋರ್ಟು ನೋಡಿ, ಮಾತ್ರೆ ಬದಲಿಸಿ ಬರುತ್ತಿದ್ದೆ. ನಡುವೆ ಜ್ವರ, ವಾಂತಿ, ಕಾಲೂತ ಅಂದಾಗ ತಮ್ಮನ ಹೆಂಡತಿ ಅವ್ವನನ್ನು ಆ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗುತ್ತಿದ್ದಳು. ಆ ಡಾಕ್ಟರು ವಯನಾಡಿನ ಕಡೆಯವಳು. ಕನ್ನಡವನ್ನು ರೋಗಿಗಳಿಂದಲೇ ಕಲಿತದ್ದರಿಂದ ಅವಳ ಬಾಯಲ್ಲಿ ನಮ್ಮ ಹಳ್ಳಿಯ ಕನ್ನಡವೇ ಬರುತ್ತಿತ್ತು. ಹಾಸ್ಟೆಲ್ಲಿನಲ್ಲಿ ಗೆಳತಿಯರು ನಕ್ಕರೆಂದು ನಾನು ಬಿಟ್ಟುಬಿಟ್ಟ ಕನ್ನಡ.

ಒಂದು ರಿಪೋರ್ಟು ಬಂದಾಗ ಇನ್ನು ಡಯಾಲಿಸಿಸ್ಸಿಗೆ ಸಿದ್ಧವಾಗಬೇಕು ಎಂದು ನಾನು ತೀರ್ಮಾನಿಸಿದೆ. 'ತೀರ್ಮಾನಿಸಿದೆವು' ಎಂದು ಬರೆಯಬಹುದಿತ್ತು. ಆ ಕೋಣೆಯಲ್ಲಿ ಎಲ್ಲರೂ ಇದ್ದರು. ಆದರೆ ಮಾತಾಡಿದ್ದು ನಾನೊಬ್ಬಳೇ. ಮೊದಲು ಕೈಯಲ್ಲಿ ಒಂದು ಸಣ್ಣ ಆಪರೇಷನ್ ಮಾಡಿ ಎರಡು ರಕ್ತನಾಳಗಳನ್ನು ಕೂಡಿಸಬೇಕು, ಅದು ಬಲಿಯಲು ಸಮಯ ಬೇಕು, ಆಮೇಲೆ ಆ ಕೈಗೇ ಸೂಜಿ ಹಾಕಿ ಮೆಷಿನ್ನಿಗೆ ಜೋಡಿಸುತ್ತಾರೆ ಎಂದು ವಿವರಿಸಿದೆ. ಬಲಗೈ ಬಳಸುವವರಿಗೆ ಎಡಗೈಯಲ್ಲಿ ಮಾಡುವುದು ವಾಡಿಕೆ. ಅವ್ವನ ಎಡ ಮುಂಗೈ ಹಿಡಿದು, "ಇಲ್ಲಿ" ಎಂದು ಬೆರಳಿಟ್ಟು ತೋರಿಸಿದೆ. ಅವ್ವ ಕೈಯನ್ನು ಮೆಲ್ಲಗೆ ಎಳೆದುಕೊಂಡು, "ಆಗ್ಲಿ ಬುಡಮ್ಮಿ" ಅಂದಳು.

ಆಗಲಿಲ್ಲ. ಶಿವರಾತ್ರಿ ಕಳೀಲಿ ಅಂದಳು. ಮೊಮ್ಮಗಳ ಪರೀಕ್ಷೆ ಮುಗೀಲಿ ಅಂದಳು. ಬಿಸಿಲು ಇಳೀಲಿ ಅಂದಳು. ಪ್ರತಿ ಸಲವೂ ನಾನು ಸರ್ಜನ್ ಹತ್ತಿರ ದಿನ ಕೇಳಿ, ಪ್ರತಿ ಸಲವೂ ಬಿಟ್ಟುಕೊಟ್ಟೆ. ಒಂದು ಭಾನುವಾರ ಅಡುಗೆಮನೆಯಲ್ಲಿ ತಮ್ಮನ ಹೆಂಡತಿಯ ಮುಂದೆ ಸಿಡುಕಿದೆ. "ಇವಳು ಬೇಕೂಂತ ಮಾಡ್ತಿದಾಳೋ, ಅರ್ಥ ಆಗ್ತಿಲ್ವೋ?"

ಅವಳು ಒಗ್ಗರಣೆ ಸೌಟು ಹಿಡಿದು ನನ್ನನ್ನೇ ನೋಡಿದಳು. "ಯಾಕಕ್ಕ, ಅತ್ತೆ ಡಾಕ್ಟ್ರಮ್ಮನ ತಾವ ಎಲ್ಲಾನೂ ಮಾತಾಡವ್ರಲ್ಲ. ಮಿಸಿನ್ ಬ್ಯಾಡ ಅಂತ, ಆಮೇಲ ಎಂಗಿರ್ಬೇಕು ಅಂತ. ನಿಮ್ಗೂ ಯೋಳಿದಾರೆ ಅನ್ಕಂಡಿದ್ದಿ."

ಸಾಸಿವೆ ಸೀದು ಹೋಯಿತು ಅನ್ನುವುದು ನನ್ನ ನೆನಪು. ನಿಜವಾಗಿ ಸೀದಿತೋ, ನಾನು ಆಮೇಲೆ ಸೇರಿಸಿಕೊಂಡೆನೋ ಗೊತ್ತಿಲ್ಲ. ಅವಳ ಮಾತು ಮಾತ್ರ ಹೀಗೇ ಇತ್ತು.

ಮರುದಿನ ರಜೆ ಹಾಕಿ ಆ ಕ್ಲಿನಿಕ್ಕಿಗೆ ಹೋದೆ. ಡಾಕ್ಟರೆಂದು ಹೇಳಿ ಒಳಗೆ ನುಗ್ಗಬಹುದಿತ್ತು. ಆದರೆ ಅವಳು ಏನು ಮಾಡುತ್ತಾಳೆ ನೋಡೋಣ ಅನ್ನುವ ಕೆಟ್ಟ ಕುತೂಹಲದಿಂದ ಸೆರಗು ಹೊದ್ದು ಕುರ್ಚಿಯಲ್ಲಿ ಕೂತೆ. ಪಕ್ಕದಲ್ಲಿ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡ ಒಬ್ಬ ಮುದುಕಿ.

"ಯಾವೂರವ್ವ? ಏನಾಗದ?"

"ಏನಿಲ್ಲ."

"ಏನಿಲ್ದೆ ಯಾರಾರ ಡಾಕ್ಟ್ರ ತಾವ ಬಂದಾರಾ? ಮುಚ್ಚಿಕ್ಕಬ್ಯಾಡ ಬುಡು, ಈಕೆ ತಾವ ಎಲ್ಲ ಯೋಳ್ಬೌದು. ಚಾಮ್ರಾಜನಗ್ರದಲ್ಲೂ ಒಬ್ಬವ್ಳ ತಾವ ಓಗಿದ್ದಿ ಕಣವ್ವ. ಬರ್ದ್ಳು, ಬರ್ದ್ಳು, ನನ್ ಮೊಕ ಎತ್ತಿ ನೋಡ್ನಿಲ್ಲ. ನಾನೇನು ಆ ಚೀಟಿ ಒಳಗ ಕುಂತಿದ್ನಾ?"

ಸುತ್ತ ಕೂತವರು ನಕ್ಕರು. ಚಾಮರಾಜನಗರದಲ್ಲಿ ಎಷ್ಟೋ ಜನ ಡಾಕ್ಟರುಗಳಿದ್ದಾರೆ. ಅದು ನಾನಲ್ಲ ಎಂದು ಇವತ್ತಿಗೂ ಅಂದುಕೊಂಡಿದ್ದೇನೆ. ಆದರೂ ಸೆರಗನ್ನು ಇನ್ನಷ್ಟು ಎಳೆದುಕೊಂಡೆ.

ಒಳಗೆ ಹೋದಾಗ ಅವಳು ತಕ್ಷಣ ಗುರುತು ಹಿಡಿದು ಎದ್ದು ನಿಂತಳು. "ಡಾಕ್ಟ್ರೇ, ನೀವು ಹೊರಗ ಕೂತಿದ್ರಾ? ಕೂತ್ಕಳಿ, ಕೂತ್ಕಳಿ."

ನಾನು ಕೂರಲಿಲ್ಲ. "ನಮ್ಮವ್ವನಿಗೆ ಡಯಾಲಿಸಿಸ್ ಬೇಡ ಅಂತ ನೀವು ಹೇಳಿದ್ರಾ?"

"ನಾನು ಹೇಳ್ನಿಲ್ಲ. ಅವ್ವ ಹೇಳುದ್ರು, ನಾನು ಕೇಳಿಸ್ಕಂಡೆ."

'ಅವ್ವ' ಅಂದಳು. ಅವರ ಭಾಷೆಯಲ್ಲಿ 'ಅಮ್ಮ' ಅನ್ನಬೇಕು, ಅಂದಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ.

"ಏನು ಹೇಳಿದ್ರು?"

"ಅದನ್ನ ಅವ್ರೇ ಹೇಳ್ಬೇಕಲ್ವಾ ಡಾಕ್ಟ್ರೇ."

ಇದೇ ಮಾತನ್ನು ನಾನು ಎಷ್ಟು ಮಕ್ಕಳಿಗೆ, ಎಷ್ಟು ಸೊಸೆಯಂದಿರಿಗೆ ಹೇಳಿದ್ದೇನೆ. ಹೇಳುವಾಗ ಅದು ಸಭ್ಯವಾದ ಮಾತು. ಕೇಳಿಸಿಕೊಳ್ಳುವಾಗ ಯಾರೋ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. "ನಾನು ಅವರ ಮಗಳು" ಅಂದೆ. "ಹೂಂ" ಅಂದಳು. ಆಮೇಲೆ ಸ್ವಲ್ಪ ಯೋಚಿಸಿ, "ಬಿಪಿ ನೋಡುವಾಗ ಅವ್ವ ನಿಮ್ಗೆ ಯಾವ ಕೈ ಕೊಡ್ತಾರೆ?" ಎಂದು ಕೇಳಿದಳು.

"ಬಲಗೈ."

"ನನಗೂ ಅದೇ. ಎಡಗೈ ಕೊಡವ್ವ ಅಂದ್ರೆ ಒಂದು ದಿನಾನೂ ಕೊಟ್ಟಿಲ್ಲ."

ಅಷ್ಟಕ್ಕೆ ಹೊರಬಂದೆ. ಮನೆಯ ಕಡೆ ನಡೆಯುವಾಗ, ಮಂಡಿಯ ಮುಂದೆ ಟೊಮೇಟೊ ಕ್ರೇಟು ಇಳಿಸುವವರ ನಡುವೆ ದಾರಿ ಮಾಡಿಕೊಳ್ಳುತ್ತಿದ್ದಾಗ, ಹೊಳೆಯಿತು. ಅವ್ವ ಬೆಳಿಗ್ಗೆ ಮಿಂದು, ಹಣೆಗೆ ವಿಭೂತಿ ಧರಿಸಿ, ಕೊರಳಲ್ಲಿರುವ ಬೆಳ್ಳಿ ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ಎಡಗೈಯ ಅಂಗೈ ಮೇಲೆ ಇಟ್ಟುಕೊಳ್ಳುತ್ತಾಳೆ. ಬಲಗೈಯಿಂದ ನೀರು, ಪತ್ರೆ, ಹೂವು. ಅದಾಗುವ ತನಕ ಕಾಫಿಯೂ ಇಲ್ಲ. ಮದುವೆಗೂ ಮುಂಚಿನಿಂದ, ಹರದನಹಳ್ಳಿಯ ತವರಿನಲ್ಲಿ ಲಿಂಗದೀಕ್ಷೆಯಾದ ದಿನದಿಂದ ಆ ಅಂಗೈ ಅದಕ್ಕೇ ಮೀಸಲು. ನಾನು ಆ ಕೈಯನ್ನೇ ಹಿಡಿದು, ಇಲ್ಲಿ ಕೊಯ್ಯುತ್ತಾರೆ, ಇಲ್ಲಿ ಸೂಜಿ ಹಾಕುತ್ತಾರೆ ಎಂದು ತೋರಿಸಿದ್ದೆ. ನನಗೂ ಅದೇ ದೀಕ್ಷೆಯಾಗಿದೆ. ನನ್ನ ಕರಡಿಗೆ ಬೀರುವಿನಲ್ಲಿದೆ. ಕಾಡಿನ ಆಚೆಯಿಂದ ಬಂದ, ಲಿಂಗ ಕಟ್ಟದ ಹೆಂಗಸಿಗೆ ಬಿಪಿ ನೋಡುತ್ತಾ ಗೊತ್ತಾದದ್ದು ನನಗೆ ಗೊತ್ತಾಗಲಿಲ್ಲ.

ಆದರೆ ಆ ಕ್ಷಣ ನನಗಾದದ್ದು ನಾಚಿಕೆಯಲ್ಲ. ಖುಷಿ. ಕಾರಣ ಸಿಕ್ಕಿತಲ್ಲ, ಅದನ್ನು ಸರಿಮಾಡಬಹುದು, ಅವಳಿಗಿಂತ ಮೊದಲು ನಾನೇ ಸರಿಮಾಡುತ್ತೇನೆ ಅನ್ನುವ ಖುಷಿ. ಓಡುವ ಹಾಗೆ ಮನೆಗೆ ಹೋದೆ.

ಅವ್ವ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕಣ್ಣು ಮಂಜಾದರೂ ಬೆರಳಿಗೆ ಕಾಯಿಯ ಅಂಚು ಸಿಕ್ಕುತ್ತಿತ್ತು. ಪಕ್ಕದಲ್ಲಿ ಕೂತು, "ಅವ್ವ, ಬಲಗೈಗೇ ಮಾಡಿಸೋಣ. ಎಡಗೈ ಯಾರೂ ಮುಟ್ಟಲ್ಲ" ಅಂದೆ.

ಅವಳು ಕೈ ನಿಲ್ಲಿಸಿದಳು. "ಅವ್ಳು ಯೋಳುದ್ಳಾ?"

"ನಾನೇ ತಿಳ್ಕೊಂಡೆ."

"ಬಲಗೈಗೂ ಮಾಡ್ಬೌದು ಅಂತ ಅವ್ಳೂ ಅಂದ್ಳು ಕಣಮ್ಮಿ. ಯಾವತ್ತೋ ಅಂದ್ಳು."

ಅಲ್ಲೂ ಅವಳೇ ಮೊದಲು. ನನ್ನ ಮುಖ ಹೇಗಾಯಿತೋ, ಅವ್ವ ನಗುತ್ತಾ ಬುಟ್ಟಿ ಪಕ್ಕಕ್ಕಿಟ್ಟಳು. "ಕೈ ಅನ್ನದು ಒಂದು ನೆಪ. ನಂಗ ಆ ಮಿಸಿನ್ನೇ ಬ್ಯಾಡ. ಇವತ್ತು ಓಗಿ ಅಲ್ಲಿ ಮನಿಕ್ಕಳದು, ನಾಳ ಸುಸ್ತು ಅಂತ ಇಲ್ಲಿ ಮನಿಕ್ಕಳದು, ನಾಳಿದ್ದು ತಿರ್ಗ ಓಗದು. ಯಾರ್ಗಾಗಿ? ಇರಗಂಟ ಎದ್ದು ಮಿಂದ್ಕಂಡು, ನನ್ ಪೂಜೆ ನಾನು ಮಾಡ್ಕಂಡು, ಒಂದು ಲೋಟ ಕಾಪಿ ಕುಡಿಯಂಗಿದ್ರ ಸಾಕು. ಅದು ಆಗ್ದೆ ಇದ್ದಾಗ ಓಯ್ತೀನಿ. ಮೂಗಿಗ ಬಾಯಿಗ ಪೈಪ್ ಇಕ್ಕುಸ್ಕಂಡು ಮೈಸೂರಲ್ಲಿ ಸಾಯಾಕ ನಂಗ ಇಷ್ಟ ಇಲ್ಲ."

ನಾನು ಶುರುಮಾಡಿದೆ. ಡಯಾಲಿಸಿಸ್ ಮಾಡಿಸಿಕೊಂಡು ಚೆನ್ನಾಗಿರುವವರ ಕತೆ ಹೇಳಿದೆ. ಚಾಮರಾಜನಗರದ ನನ್ನ ಮನೆಯಲ್ಲೇ ಇರಬಹುದು, ನಾನೇ ಜೊತೆಗೆ ಬರುತ್ತೇನೆ ಅಂದೆ. ಎಪ್ಪತ್ತು ದಾಟಿದ, ಹೃದಯವೂ ಸೋತಿರುವ ಬೇರೆ ಯಾರ ತಾಯಿಗಾದರೂ ನಾನು ಇಷ್ಟು ಒತ್ತಾಯ ಮಾಡುತ್ತಿದ್ದೆನೇ? ಮಾಡುತ್ತಿರಲಿಲ್ಲ. ಅದು ನನಗೆ ಮಾತಿನ ನಡುವೆಯೇ ಗೊತ್ತಿತ್ತು, ಆದರೂ ಮಾತು ನಿಲ್ಲಲಿಲ್ಲ. ಕೊನೆಗೆ ಗಂಟಲಿನಿಂದ ಬಂದದ್ದು ಬೇರೆಯೇ. "ಅವಳಿಗೆ ಯಾಕೆ ಹೇಳ್ದೆ? ನನಗೆ ಯಾಕೆ ಹೇಳ್ಲಿಲ್ಲ?"

"ನಿಂಗ ಯೋಳುದ್ರ ನೀನು ಬುಡ್ತಿದ್ಯಾ? ಈಗ ಬುಟ್ಯಾ, ನೋಡು. ಅವ್ಳಿಗ ನಾನು ಯಾರು? ಓಯ್ತೀನಿ ಕಣವ್ವ ಅಂದ್ರ, ಆಗ್ಲಿ ಅವ್ವ, ನೋವಾಗ್ದಂಗ ನೋಡ್ಕತೀನಿ ಅಂದ್ಳು. ಅಷ್ಟೇಯ." ನನ್ನ ಮುಖ ನೋಡಲು ಹತ್ತಿರ ಬಾಗಿದಳು. "ಹೊಟ್ಟೆಕಿಚ್ಚಾ ನಿಂಗ? ಮೊದ್ಲಿಂದ್ಲೂ ನೀನು ಇಂಗೇಯ. ಪಕ್ಕದ್ ಮನೆ ಮಗೀಗ ನಾನು ಜಡೆ ಹಾಕುದ್ರ, ನೀನು ಹಾಕಿದ್ ಜಡೆ ಕಿತ್ತಾಕ್ಕಂಡು ಬಂದು ಮುಂದ ಕೂತ್ಕತಿದ್ದೆ."

ಇದು ನನಗೆ ನೆನಪಿಲ್ಲ. ಪಕ್ಕದ ಮನೆಯಲ್ಲಿ ನನ್ನ ವಾರಿಗೆಯ ಹುಡುಗಿ ಇದ್ದಳೆಂಬುದೂ ಸರಿಯಾಗಿ ನೆನಪಿಲ್ಲ. ಅವ್ವ ಆ ಹೊತ್ತಿಗೆ ಕಟ್ಟಿದ ಕತೆಯೂ ಇರಬಹುದು. ಇರಲಿ, ಅದು ನನಗೆ ಒಪ್ಪುತ್ತದೆ.

ಆ ದಿನಗಳಲ್ಲಿ ನೆನಪಾದದ್ದು ಪುಣಜನೂರಿನ ಕಡೆಯ ಒಬ್ಬ ರೈತ. ಶ್ವಾಸಕೋಶದ ಕ್ಯಾನ್ಸರು. ಮಗ ಚಹಾ ತರಲು ಹೋದಾಗ ಆತ ನನ್ನ ಕೋಟಿನ ತುದಿ ಹಿಡಿದು, "ಮೈಸೂರ್ಗ ಕಳುಸ್ಬ್ಯಾಡಿ, ಮನಗ ಕಳುಸ್ಬುಡಿ" ಅಂದಿದ್ದ. ನಾನು ಮಗನನ್ನು ಕೂರಿಸಿಕೊಂಡು, ನನಗೆ ಬರುವಷ್ಟೂ ಮೃದುವಾಗಿ ಅದನ್ನು ಹೇಳಿದೆ. ಅವನು ಎದ್ದು ನಿಂತು, "ನಮ್ಮಪ್ಪ ನಿಮ್ತಾವ ಯಾಕ ಯೋಳ್ತು? ನೀವ್ ಯಾರು?" ಎಂದು ಕೂಗಿದ. ಒರಟ ಅಂದುಕೊಂಡೆ. ಈ ಮಾತನ್ನು ಅವನು ಹೀಗೇ ಅಂದನೋ, ಅಥವಾ ನನ್ನ ಹೊಟ್ಟೆಯಲ್ಲಿರುವ ಮಾತನ್ನು ಈಗ ಅವನ ಬಾಯಿಗೆ ಹಾಕುತ್ತಿದ್ದೇನೋ, ಹೇಳಲಾರೆ. ಅವನು ಎದ್ದು ನಿಂತದ್ದು, ಕೈಯಲ್ಲಿದ್ದ ಚಹಾ ಚೆಲ್ಲಿದ್ದು ನಿಜ.

ಅವ್ವನ ಮಾತಿಗೆ ಒಪ್ಪಿದೆ. ಒಪ್ಪಿದೆ ಅನ್ನುವುದಕ್ಕಿಂತ ವಾದ ನಿಲ್ಲಿಸಿದೆ. ಪ್ರತಿ ಭಾನುವಾರ ತೆರಕಣಾಂಬಿ ದಾಟಿ ಗುಂಡ್ಲುಪೇಟೆಗೆ ಹೋಗತೊಡಗಿದೆ. ಔಷಧವೆಲ್ಲ ಆ ಡಾಕ್ಟರದೇ. ನೀರಿಳಿಸುವ ಮಾತ್ರೆಯ ಹೊತ್ತನ್ನು ಅವಳು ಪೂಜೆ ಮುಗಿಯುವ ಹೊತ್ತಿಗೆ ಹೊಂದಿಸಿದ್ದಳು. ತುರಿಕೆಗೆ, ವಾಕರಿಕೆಗೆ, ನಿದ್ದೆಗೆ ಒಂದೊಂದೇ ಸರಿಮಾಡುತ್ತಾ ಹೋದಳು. ನಾನು ಅವ್ವ ಮಲಗಿದಾಗ ಆ ಚೀಟಿಗಳನ್ನು ತೆಗೆದು ತಪ್ಪು ಹುಡುಕುತ್ತಿದ್ದೆ. ಒಂದು ಸಲ ಸಿಕ್ಕಿಯೇ ಬಿಟ್ಟಿತು. ಈ ಮೂತ್ರಪಿಂಡಕ್ಕೆ ಆ ಮಾತ್ರೆಯ ಪ್ರಮಾಣ ಜಾಸ್ತಿ. ನನ್ನ ತಾಯಿಗೆ ಕೊಟ್ಟ ಮದ್ದು ತಪ್ಪಾಗಿದೆಯೆಂದು ತಿಳಿದಾಗ ನನಗೆ ಸಂತೋಷವಾಯಿತು. ಇದನ್ನು ಓದುವವರು ಇದ್ದರೆ ಓದಲಿ. ಪುಸ್ತಕ ತೆಗೆದು ಮತ್ತೆ ಲೆಕ್ಕ ಹಾಕಿದೆ. ಅವಳೇ ಸರಿ.

ಅವ್ವ ಆ ದಿನಗಳಲ್ಲಿ ಚೆನ್ನಾಗಿದ್ದಳು ಅನ್ನುವುದನ್ನೂ ಬರೆಯಬೇಕು. ಸೊರಗುತ್ತಿದ್ದಳು, ಆದರೆ ಬೆಳಗಿನ ಪೂಜೆ, ಕಾಫಿ, ಜಗಲಿ ಮೂರೂ ಇದ್ದವು. ಬೀದಿಯಲ್ಲಿ ಹೋಗುವವರನ್ನು ನಡಿಗೆಯ ಸದ್ದಿನಿಂದಲೇ ಗುರುತಿಸಿ ಕಾಲೆಳೆಯುತ್ತಿದ್ದಳು. "ಏನ್ಲಾ, ಹೊಸ ಚಪ್ಲಿನಾ? ಮಾವ ಕೊಡ್ಸುದ್ನಾ?"

ಕೊನೆಗೆ ಉಬ್ಬಸ ಬಂತು. ಮಲಗಿದರೆ ಉಸಿರು ಸಿಗದು. ದಿಂಬು ಒರಗಿಸಿ ಕೂರಿಸಿದ್ದೆವು. ಬೆಳಕು ಹರಿಯುವ ಮುನ್ನ ಅದು ಜೋರಾಯಿತು. ಬಾಡಿಗೆಗೆ ತಂದಿದ್ದ ಆಕ್ಸಿಜನ್ ಸಾಲದಾಯಿತು. ತಮ್ಮ ಫೋನ್ ಕೈಗೆತ್ತಿಕೊಂಡ. "ಅಕ್ಕ, ಮೈಸೂರ್ಗ ಓಗನ. ಆಂಬುಲೆನ್ಸ್ ಕರುಸ್ತೀನಿ. ಇಂಗ ನೋಡ್ಕಂಡು ಕುಂತ್ಕಳಕಾಗಲ್ಲ." ಅವನ ಹೆಂಡತಿ ಅವನ ತೋಳು ಹಿಡಿದಿದ್ದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಂಬುಲೆನ್ಸ್ ಬಂದರೆ ಪೈಪು, ವೆಂಟಿಲೇಟರು, ಮೈಸೂರು. ಬೇಡ ಅಂದರೆ ಇಲ್ಲೇ.

"ಬೇಡ" ಅಂದೆ. ಆ ಒಂದು ಮಾತನ್ನು ನಾನೇ ಹೇಳಿದೆ, ಅದು ಆ ಡಾಕ್ಟರದಲ್ಲ.

ನನ್ನ ಚೀಲದಲ್ಲಿ ಉಸಿರಿನ ಸಂಕಟ ಇಳಿಸುವ ಇಂಜೆಕ್ಷನ್ ಇತ್ತು. ಸಿರಿಂಜು ತೆಗೆದೆ. "ಅವ್ವ, ಒಂದು ಸೂಜಿ ಕೊಡ್ತೀನಿ, ಹಗುರ ಆಗುತ್ತೆ."

ಅವ್ವ ತಲೆ ಅಲ್ಲಾಡಿಸಿದಳು. "ನೀನ್ ಬ್ಯಾಡ. ಅವಳ್ನ ಕರಿ."

ಫೋನ್ ಮಾಡಿದೆ. ಅವಳು ವಾರದ ಕೊನೆಗೆ ತನ್ನ ಊರಿಗೆ ಹೋಗಿದ್ದಳು. ರಾತ್ರಿಯೆಲ್ಲ ಮುಚ್ಚಿರುವ ಬಂಡೀಪುರದ ಕಾಡುರಸ್ತೆಯ ಗೇಟು ತೆಗೆಯುವ ಹೊತ್ತಿಗೆ ಆ ಬದಿಯಲ್ಲಿ ಇರುತ್ತೇನೆ ಅಂದಳು. ಆಮೇಲೆ, "ಡಾಕ್ಟ್ರೇ, ನೀವು ಕೊಡಿ. ನಿಮ್ಗೆ ಗೊತ್ತು" ಅಂದಳು. ಸ್ಪೀಕರಿನಲ್ಲಿ ಅವ್ವನಿಗೂ ಕೇಳಿಸಿತು. "ಬ್ಯಾಡ. ನೀನೇ ಬಾ" ಎಂದು ಅವ್ವ ಉಸಿರಿನ ನಡುವೆ ಕೂಗಿದಳು. ನನ್ನ ಕಡೆ ತಿರುಗಿ, "ನೀನು ಕೂತ್ಕ."

ಕೂತೆ. ನಾನು ಮಾಡಿದ ವೈದ್ಯದಲ್ಲೆಲ್ಲ ಅಷ್ಟು ಕಷ್ಟದ್ದು ಬೇರೊಂದಿಲ್ಲ, ಅದು ಏನೂ ಮಾಡದೆ ಇದ್ದದ್ದು. ಅವ್ವನ ಬೆನ್ನಿಗೆ ನನ್ನ ಎದೆ ಕೊಟ್ಟು ಹಿಂದೆ ಕೂತು, ಅವಳ ಉಸಿರಿನ ಜೊತೆ ನನ್ನ ಉಸಿರನ್ನೂ ಎಳೆಯುತ್ತಿದ್ದೆ. ಯಾಕೆ ಬೇಡ ಅಂದಳು ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಕೊನೆಯ ಸೂಜಿ ನನ್ನ ಕೈಯಿಂದಾಯಿತು ಎಂದು ನಾನು ಕೊರಗಬಾರದು ಅಂತ ಇರಬಹುದು. ಆ ಡಾಕ್ಟರ ಕೈಯೇ ಹಿತವೆಂದೂ ಇರಬಹುದು. ಮೊದಲನೆಯದನ್ನು ನಂಬಲು ನನಗೆ ಆಸೆ, ಆದ್ದರಿಂದಲೇ ಅದರ ಮೇಲೆ ಅನುಮಾನ.

ಡಾಕ್ಟರು ಕೇರಳದಿಂದ ಮರಳುವ ಖಾಲಿ ತರಕಾರಿ ಲಾರಿಗಳ ಜೊತೆಯಲ್ಲೇ ಗೇಟು ದಾಟಿ ಬಂದಳು. ಕೂದಲು ಬಾಚಿರಲಿಲ್ಲ. ಸೂಜಿ ಕೊಟ್ಟಳು. ಅವ್ವನ ಭುಜಗಳು ಮೆಲ್ಲಗೆ ಇಳಿದವು. ಅವ್ವ ನೀರು ತರಿಸಿ ಮುಖ, ಕೈ ತೊಳೆಸಿಕೊಂಡು, ತಮ್ಮನ ಹೆಂಡತಿಯ ಆಸರೆಯಲ್ಲಿ ಕೂತಂತೆಯೇ ಪೂಜೆ ಮಾಡಿದಳು. ಕಾಫಿ ಬೇಕೆನ್ನಲಿಲ್ಲ. ಆಮೇಲೆ ಮತ್ತೆ ನನ್ನ ಎದೆಗೆ ಒರಗಿ, ಬೆರಳಾಡಿಸಿ ಕರೆದಳು. ನಾನು ಬಾಗಿದೆ. ನನ್ನನ್ನಲ್ಲ. ಆ ಡಾಕ್ಟರು ಬಂದು ಕಿವಿ ಕೊಟ್ಟಳು. ಅವ್ವ ಏನೋ ಪಿಸುಗುಟ್ಟಿದಳು, ನನಗೆ ಕೇಳಿಸಲಿಲ್ಲ. ಅವಳು, "ಆಗ್ಲಿ ಅವ್ವ" ಅಂದಳು.

ಮಧ್ಯಾಹ್ನಕ್ಕೆ ಮುಂಚೆ ಅವ್ವ ಹೋದಳು. ನನ್ನ ಎದೆಗೆ ಒರಗಿಯೇ ಹೋದಳು. ಇದನ್ನು ಮಾತ್ರ ನನ್ನಿಂದ ಯಾರೂ ಕಸಿದುಕೊಳ್ಳಲಾರರು.

ಅವ್ವ ಆಗ ಹೇಳಿದ್ದು ಏನು ಎಂಬುದರ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. "ಬೆಳಿಗ್ಗೇನೇ ಬಂದಿದ್ದೀಯಲ್ಲ, ಏನಾರ ತಿಂದ್ಕಂಡು ಓಗು" ಅಂದಳು ಎಂದು ತಮ್ಮ. "ನನ್ ಮಗಳ್ನ ನೋಡ್ಕ" ಅಂದಳು ಎಂದು ಅವನ ಹೆಂಡತಿ. ಇಬ್ಬರೂ ನನಗಿಂತ ದೂರ ನಿಂತಿದ್ದರು.

ಈಗಲೂ ಅವಳು ಗುಂಡ್ಲುಪೇಟೆಯಿಂದ ನನ್ನ ಬಳಿಗೆ ರೋಗಿಗಳನ್ನು ಕಳಿಸುತ್ತಾಳೆ, ಫೋನ್ ಮಾಡುತ್ತಾಳೆ. ರೋಗಿಯ ವಿಷಯ ಮುಗಿದ ಮೇಲೂ ಅವಳು ಫೋನ್ ಇಡುವುದಿಲ್ಲ. ನಾನು ಕೇಳಲಿ ಎಂದು ಕಾಯುತ್ತಾಳೆ ಅನ್ನಿಸುತ್ತದೆ. ಈ ಸಲ ಅದು ಮಗಳಿಗೆ ಹೇಳಬಾರದ ಗುಟ್ಟೂ ಅಲ್ಲ, ಕೇಳಿದರೆ ಹೇಳುತ್ತಾಳೆ. ಊಟದ ಮಾತಾಗಿದ್ದರೆ ನಾನು ನಕ್ಕು ಸುಮ್ಮನಾಗಬಹುದು. ನನ್ನ ಬಗ್ಗೆ ಆಡಿದ ಮಾತಾಗಿದ್ದರೆ, ಅದನ್ನೂ ಅವ್ವ ಅವಳಿಗೇ ಹೇಳಿದಳು ಎಂದಾಗುತ್ತದೆ. "ಸರಿ ಡಾಕ್ಟ್ರೇ, ಇಡ್ತೀನಿ" ಎಂದು ಮೊದಲು ಫೋನ್ ಇಡುವವಳು ನಾನೇ.